ದೇಸಾಯಿ ಎಂಬ ನಮ್ಮ ಅಡ್ಡಹೆಸರು

ಮನೆತನದ ಸಮ್ಮೇಳನಕ್ಕೆಂದು ಬೆಳಗಾವಿಯಲ್ಲಿ ಸೇರಿದಾಗಲೆಲ್ಲ ಮೊಮ್ಮಕ್ಕಳದು ಒಂದೇ ಪ್ರಶ್ನೆ: "ಅಜ್ಜಾ, ದೇಸಾಯಿ ಅಂದ್ರ ನಮ್ಮ ಜಾತಿ ಏನು?" ಜಾತಿಯಲ್ಲ, ಅದು ಉದ್ಯೋಗದ ಹೆಸರು. ಪರಗಣೆಯ ಭೂಮಿ ಬೀಳು ಬೀಳದಂತೆ ನೋಡಿಕೊಂಡು, ಕಂದಾಯ ಎತ್ತಿ ಸರಕಾರಕ್ಕೆ ಮುಟ್ಟಿಸುವವನು ದೇಸಾಯಿ. ಲೆಕ್ಕ ಬರೆಯುವವನು ದೇಶಪಾಂಡೆ. ಅಚ್ಚಗನ್ನಡದಲ್ಲಿ ಇವರೇ ನಾಡಗೌಡ, ನಾಡಕರಣಿ. ಆದ್ದರಿಂದಲೇ ಲಿಂಗಾಯತರಲ್ಲೂ ಬ್ರಾಹ್ಮಣರಲ್ಲೂ ಮರಾಠರಲ್ಲೂ ದೇಸಾಯರಿದ್ದಾರೆ. ಖಾನಾಪುರದ ಸಂತೆಯಲ್ಲಿ ಒಬ್ಬ ದೇಸಾಯರು ಕನ್ನಡದಲ್ಲಿ ಚೌಕಾಸಿ ಮಾಡಿದರೆ ಇನ್ನೊಬ್ಬರು ಮರಾಠಿಯಲ್ಲಿ ಮಾಡುತ್ತಾರೆ.

ಊರಿನಿಂದಲೋ ಉದ್ಯೋಗದಿಂದಲೋ ಅಡ್ಡಹೆಸರು ಬರುವುದು ನಮ್ಮಲ್ಲಷ್ಟೇ ಅಲ್ಲ. 1818ರಲ್ಲಿ ಬೆಳಗಾವಿ ಕೋಟೆಯನ್ನು ಗೆದ್ದ ಥಾಮಸ್ ಮನ್ರೋ ಸ್ಕಾಟ್ಲೆಂಡಿನವನು. ಐರ್ಲೆಂಡಿನ ರೋ ಹೊಳೆಯ ದಂಡೆಯಿಂದ ಬಂದವರು ಮನ್ರೋಗಳು ಎಂಬುದು ಆ ಕುಲದವರ ನಂಬಿಕೆ. ನಮ್ಮ ಖಾನಾಪುರಕರ, ನಂದಗಡಕರ ಇದ್ದ ಹಾಗೆ ಅದೂ ಸ್ಥಳದಿಂದ ಬಂದ ಹೆಸರು. ಸ್ಕಾಟ್ಲೆಂಡಿನ ಸ್ಟೂವರ್ಟರಂತೂ ನಮಗೆ ಇನ್ನೂ ಹತ್ತಿರ. ಅರಸನ ಮನೆವಾರ್ತೆ ನೋಡುವ ಹುದ್ದೆಯೇ ಅವರ ಕುಲನಾಮವಾಯಿತು. 1371ರಲ್ಲಿ ಆ ಮನೆತನ ಪಟ್ಟವನ್ನೇ ಏರಿತು.

ನಮ್ಮಲ್ಲಿ ಕಿತ್ತೂರಿನ ದೇಸಾಯರೂ ಹೀಗೆಯೇ ಅರಸರಾಗಿ ಬಾಳಿದವರು. 1824ರಲ್ಲಿ ಅಲ್ಲಿನ ದೊರೆ ಶಿವಲಿಂಗರುದ್ರಸರ್ಜ ತೀರಿಕೊಂಡಾಗ ದತ್ತಕವನ್ನು ಈಸ್ಟ್ ಇಂಡಿಯಾ ಕಂಪನಿ ಒಪ್ಪಲಿಲ್ಲ. ಚೆನ್ನಮ್ಮ ರಾಣಿ ಕತ್ತಿ ಹಿಡಿದದ್ದು ಆಗಲೇ. ಆಕೆಯ ಬಂಟ ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ ನಂದಗಡ ಇದೇ ಖಾನಾಪುರ ತಾಲೂಕಿನದು. ಆದರೆ ಈ ಹೆಸರಿಗೆ ಎಲ್ಲಕ್ಕಿಂತ ದೊಡ್ಡ ಗೌರವ ತಂದವರು ಶಿರಸಂಗಿ ಲಿಂಗರಾಜ ದೇಸಾಯರು ಎಂದೇ ನನ್ನ ಎಣಿಕೆ. 1906ರಲ್ಲಿ ತೀರಿಕೊಳ್ಳುವ ಮುನ್ನ ಅವರು ದೇಸಗತಿಯ ಆಸ್ತಿಯನ್ನು ಶಿಕ್ಷಣಕ್ಕೆ ಬರೆದಿಟ್ಟರು. 1933ರಲ್ಲಿ ಶುರುವಾದ ಬೆಳಗಾವಿಯ ಲಿಂಗರಾಜ ಕಾಲೇಜಿಗೆ ಇರುವುದು ಅವರ ಹೆಸರು.

ಮುಂಬಯಿ ಸರಕಾರದ 1950ರ ಕಾಯಿದೆಯಿಂದ ಪರಗಣೆಯ ವತನಗಳು ರದ್ದಾದವು. ಹುದ್ದೆ ಹೋಯಿತು, ಅಡ್ಡಹೆಸರು ಉಳಿಯಿತು. ಖಾನಾಪುರದ ಕಡೆಯ ನಮ್ಮ ವಾಡೆಯಲ್ಲಿ ಅಜ್ಜಿ ತಗಡಿನ ಟ್ರಂಕಿನೊಳಗೆ ಮೋಡಿ ಲಿಪಿಯ ಕಾಗದಗಳನ್ನು ಕೆಂಪು ವಸ್ತ್ರದಲ್ಲಿ ಸುತ್ತಿ ಇಟ್ಟಿದ್ದಳು. ಆ ಮಳೆನಾಡಿನಲ್ಲಿ ಕಾಗದ ಬೇಗ ಬೂಷ್ಟು ಹಿಡಿಯುತ್ತದೆ. ಪ್ರತಿ ಬೇಸಿಗೆ ಅಂಗಳದಲ್ಲಿ ಕಂಬಳಿ ಹಾಸಿ, ಒಂದೊಂದನ್ನೇ ಬಿಚ್ಚಿ ಬಿಸಿಲು ಕಾಯಿಸಿ, ಒಣ ಬೇವಿನೆಲೆ ಇಟ್ಟು ಮತ್ತೆ ಕಟ್ಟುತ್ತಿದ್ದಳು. ಓದಲು ಅವಳಿಗೂ ಬರುತ್ತಿರಲಿಲ್ಲ, ನನಗೂ ಬಾರದು. ಆ ಕಟ್ಟನ್ನು ಈ ಸಲ ಸಮ್ಮೇಳನಕ್ಕೆ ತರುತ್ತಿದ್ದೇನೆ. ಬಂಧುಬಳಗದಲ್ಲಿ ಮೋಡಿ ಬಲ್ಲವರಿದ್ದರೆ ದಯವಿಟ್ಟು ಒಂದು ತಾಸು ನನ್ನ ಹತ್ತಿರ ಕೂತು ಓದಿ ಹೇಳಬೇಕು.