ಚಂಬಲ್ ಕಣಿವೆಯ ಬಹಾದೂರ್

ಇಂದ್ರಜಾಲ ಕಾಮಿಕ್ಸ್ ಎಂದರೆ ಹೆಚ್ಚಿನವರಿಗೆ ನೆನಪಾಗುವವರು ಫ್ಯಾಂಟಮ್ ಮತ್ತು ಮಾಂಡ್ರೇಕ್. ಇಬ್ಬರೂ ಅಮೆರಿಕದ ಲೀ ಫಾಕ್ ಅವರ ಸೃಷ್ಟಿ. ಟೈಮ್ಸ್ ಆಫ್ ಇಂಡಿಯಾ ಸಂಸ್ಥೆ 1964ರಲ್ಲಿ ಆರಂಭಿಸಿದ ಈ ಮಾಲೆಯಲ್ಲಿ ನಮ್ಮ ನೆಲದ ಬಹಾದೂರ್ ಕಾಣಿಸಿಕೊಂಡದ್ದು 1976ರಲ್ಲಿ. ಕಥೆ ಆಬಿದ್ ಸುರತಿಯವರದು, ಚಿತ್ರ ಗೋವಿಂದ ಬ್ರಾಹ್ಮಣಿಯಾ ಅವರದು.

ಬಹಾದೂರ್ ಡಕಾಯಿತನ ಮಗ. ತಂದೆ ಭೈರವ ಸಿಂಗ್ ಪೊಲೀಸ್ ಅಧಿಕಾರಿ ವಿಶಾಲನ ಗುಂಡಿಗೆ ಬಲಿಯಾದ. ಸೇಡಿನಲ್ಲೇ ಬೆಳೆಯಬಹುದಾಗಿದ್ದ ಹುಡುಗನನ್ನು ಸಾಕಿ ಸಲಹಿದವನೂ ಅದೇ ವಿಶಾಲ. ಮುಂದೆ ಆ ಹುಡುಗ ನಾಗರಿಕ ಸುರಕ್ಷಾ ದಳ ಕಟ್ಟಿ ಡಕಾಯಿತರನ್ನೇ ಎದುರಿಸಿದ. ಮುಖವಾಡವಿಲ್ಲ, ಮಾಯಾಶಕ್ತಿಯಿಲ್ಲ, ಮೈಮೇಲೆ ಕೇಸರಿ ಕುರ್ತಾ ಮತ್ತು ಜೀನ್ಸ್, ಜೊತೆಗೆ ಗೆಳತಿ ಬೇಲಾ. ಜಯಪ್ರಕಾಶ ನಾರಾಯಣರ ಪ್ರಯತ್ನದಿಂದ 1972ರಲ್ಲಿ ಚಂಬಲ್ ಡಕಾಯಿತರು ಶಸ್ತ್ರ ಕೆಳಗಿಟ್ಟದ್ದು ಜನ ಇನ್ನೂ ಮರೆಯದ ಕಾಲವದು. ಹಾಗಾಗಿ ಈ ಕಥೆ ಓದುಗರಿಗೆ ದೂರದ್ದೆನಿಸಲಿಲ್ಲ. ತಂದೆಯ ದಾರಿ ಮಗನ ಹಣೆಬರಹವಲ್ಲ ಎಂಬ ಮಾತೇ ಅಭಿಮಾನಿಗಳು ಇಂದಿಗೂ ಅವನನ್ನು ನೆನೆಯಲು ಕಾರಣ.

ಇಂದ್ರಜಾಲ ಕನ್ನಡದಲ್ಲೂ ಬಂತು, ಮರಾಠಿಯಲ್ಲೂ ಬಂತು. ಅಕ್ಕಲಕೋಟೆ ಸೀಮೆಯ ಹನ್ನೂರಿನಂಥ ಊರುಗಳಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಇಂಥಲ್ಲಿ ಮಕ್ಕಳನ್ನು ತಾಯ್ನುಡಿಯಲ್ಲಿ ಹಿಡಿದಿಡಲು ಪಠ್ಯಪುಸ್ತಕವೊಂದೇ ಸಾಲದು. ಕದ್ದುಮುಚ್ಚಿ ಓದುವ ಪುಸ್ತಕವೂ ಕನ್ನಡದಲ್ಲಿರಬೇಕು. ಸುಮಾರು 800 ಸಂಚಿಕೆಗಳ ಬಳಿಕ 1990ರಲ್ಲಿ ಮಾಲೆ ನಿಂತಿತು. ಅಟ್ಟದ ಮೇಲೆ ಹಳೆಯ ಕನ್ನಡ ಪ್ರತಿ ಸಿಕ್ಕರೆ, ದಯವಿಟ್ಟು ರದ್ದಿಗೆ ಹಾಕಬೇಡಿ. ಮೊಮ್ಮಕ್ಕಳ ಕೈಗೆ ಕೊಡಿ.