ಬಿಸಿಯೇರುತ್ತಿರುವ ಸಾಗರ, ಬದಲಾಗುತ್ತಿರುವ ಮಳೆ: ಖುಷ್ಕಿ ರಾಗಿ ಬೆಳೆಗಾರರಿಗೆ ಸಲಹೆಗಳು

ಹಸಿರುಮನೆ ಅನಿಲಗಳಿಂದ ಭೂಮಿಯಲ್ಲಿ ಉಳಿಯುತ್ತಿರುವ ಹೆಚ್ಚುವರಿ ಶಾಖದ ಸುಮಾರು ಶೇ. 90 ಭಾಗವನ್ನು ಸಾಗರಗಳು ಹೀರಿಕೊಳ್ಳುತ್ತಿವೆ. ಬನಶಂಕರಿ, ಜೆ.ಪಿ. ನಗರಗಳಾಚೆ ಕನಕಪುರ ಮತ್ತು ಆನೇಕಲ್ ಕಡೆಯ ರಾಗಿ ಹೊಲಗಳು ಕಡಲಿನಿಂದ ದೂರವಿದ್ದರೂ ಅವುಗಳ ಮೇಲೆ ಬೀಳುವ ಮಳೆಯ ಮೂಲ ಕಡಲೇ ಆಗಿದೆ.

ಮಳೆ ಬದಲಾಗುತ್ತಿರುವುದೇಕೆ?

ಶಾಂತ ಸಾಗರದ ಸಮಭಾಜಕ ಭಾಗದ ಮೇಲ್ಮೈ ನೀರು ವಾಡಿಕೆಗಿಂತ ಬಿಸಿಯಾಗುವ ಸ್ಥಿತಿಯೇ ಎಲ್ ನಿನೊ. ಆಗ ನಮ್ಮ ಮುಂಗಾರು ದುರ್ಬಲಗೊಳ್ಳುವ ಸಂಭವ ಹೆಚ್ಚು. 2023ರ ಆಗಸ್ಟ್, 1901ರಿಂದೀಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್ ಆಗಿತ್ತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು.

ಇನ್ನೊಂದೆಡೆ, ಗಾಳಿಯ ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಸುಮಾರು ಶೇ. 7ರಷ್ಟು ಹೆಚ್ಚು ತೇವಾಂಶ ಹಿಡಿದಿಡಬಲ್ಲದು. ಹೀಗಾಗಿ ಬಂದ ಮಳೆ ಒಮ್ಮೆಲೇ ಸುರಿಯುತ್ತದೆ. 2021ರ ನವೆಂಬರ್ ಮಳೆಗೆ ದಕ್ಷಿಣ ಒಳನಾಡಿನಲ್ಲಿ ಕೊಯ್ಲಿಗೆ ಬಂದಿದ್ದ ರಾಗಿ ನೆಲಕಚ್ಚಿತು.

ಮಳೆ ಬಂದ ದಿನಕ್ಕೆ ತಕ್ಕ ತಳಿ

ಪಂಚಾಂಗದ ದಿನ ನೋಡಿ ಬಿತ್ತಬೇಡಿ. ಹದ ಮಳೆ ಬಂದ ದಿನ ನೋಡಿ ತಳಿ ಆರಿಸಿ.

- ಜುಲೈ ಮಧ್ಯದೊಳಗೆ: ದೀರ್ಘಾವಧಿಯ ಎಂ.ಆರ್.-1, ಎಂ.ಆರ್.-6
- ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ: ಮಧ್ಯಮಾವಧಿಯ ಜಿ.ಪಿ.ಯು.-28, ಎಂ.ಎಲ್.-365
- ಆಗಸ್ಟ್ ಮಧ್ಯದ ನಂತರ: ಸುಮಾರು 100 ದಿನಗಳ ಜಿ.ಪಿ.ಯು.-48

ಈ ಭಾಗದಲ್ಲಿ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಉತ್ತಮ ಮಳೆಯಾಗುವುದರಿಂದ, ಮುಂಗಾರು ತಡವಾಯಿತೆಂದು ಹೊಲವನ್ನು ಬೀಳು ಬಿಡಬೇಕಾಗಿಲ್ಲ. ತಡವಾಗಿ ದೀರ್ಘಾವಧಿ ತಳಿ ಬಿತ್ತಿದರೆ ಮಾತ್ರ ಕಾಳು ಕಟ್ಟುವ ವೇಳೆಗೆ ತೇವ ಮುಗಿದಿರುತ್ತದೆ.

ಇತರ ಕ್ರಮಗಳು

1. ನೀರಿನ ಅನುಕೂಲವಿದ್ದರೆ ಸಸಿಮಡಿ ಮಾಡಿಕೊಂಡು, ಮಳೆಯಾದೊಡನೆ 21-25 ದಿನಗಳ ಪೈರನ್ನು ನಾಟಿ ಮಾಡಿ.
2. ಸಕಾಲದಲ್ಲಿ ಮಳೆಯಾದರೆ 8 ಸಾಲು ರಾಗಿಗೆ 2 ಸಾಲು ತೊಗರಿ ಬಿತ್ತಿ, ತೊಗರಿ ಸಾಲುಗಳ ನಡುವೆ ದೋಣಿ ಸಾಲು ತೆಗೆಯಿರಿ. ಅದು ಬಿರುಮಳೆಯ ನೀರನ್ನು ಹೊಲದಲ್ಲೇ ಇಂಗಿಸುತ್ತದೆ.
3. ಮೇಲುಗೊಬ್ಬರವನ್ನು ಮಣ್ಣಿನಲ್ಲಿ ತೇವವಿದ್ದಾಗ ಮಾತ್ರ ಕೊಡಿ.
4. ಕೊಯ್ಲಿಗೆ ಮುನ್ನ ಹವಾಮಾನ ಮುನ್ಸೂಚನೆ ಗಮನಿಸಿ. ಕೊಯ್ದ ಬೆಳೆಯನ್ನು ಒಣಗಿಸಿ ಎತ್ತರದ ಜಾಗದಲ್ಲಿ ಮೆದೆ ಹಾಕಿ, ಟಾರ್ಪಾಲಿನ್ ಹೊದಿಸಿ. ನೆನೆದ ತೆನೆ ಮೊಳಕೆಯೊಡೆದರೆ ಕಾಳಿನ ಬೆಲೆಯೂ ಹುಲ್ಲಿನ ಗುಣವೂ ಕೆಡುತ್ತವೆ.

ವಿಸ್ತರಣಾ ಕಾರ್ಯಕರ್ತರಿಗೆ

ಆಗಸ್ಟ್‌ನಲ್ಲಿ ಮಳೆ ಬಂದಾಗ ಅಲ್ಪಾವಧಿ ತಳಿಯ ಬೀಜ ಸಿಗದಿದ್ದರೆ ಮೇಲಿನ ಸಲಹೆ ನಿರರ್ಥಕ. ಆದ್ದರಿಂದ ರೈತ ಸಂಪರ್ಕ ಕೇಂದ್ರದಲ್ಲಿ ಅದರ ದಾಸ್ತಾನು ಜುಲೈ ತಿಂಗಳಲ್ಲೇ ಇರುವಂತೆ ಬೇಡಿಕೆಯನ್ನು ಮುಂಚಿತವಾಗಿ ಸಲ್ಲಿಸಿ.