ಒಂದು ಚಮಚ ಸಕ್ಕರೆಯ ಲೆಕ್ಕ

‘ಬಾಯ್ಕಾಟ್’ ಅನ್ನೋ ಪದ ಹುಟ್ಟಿದ್ದು 1880ರಲ್ಲಿ, ಐರ್ಲೆಂಡಿನ ರೈತರು ಕ್ಯಾಪ್ಟನ್ ಬಾಯ್ಕಾಟ್ ಎಂಬ ಜಮೀನ್ದಾರರ ಏಜೆಂಟನನ್ನು ದೂರ ಇಟ್ಟಾಗ. ಆದ್ರೆ ಕೊಳ್ಳೋದನ್ನು ನಿಲ್ಲಿಸಿ ಪ್ರತಿಭಟಿಸೋದು ಆ ಪದಕ್ಕಿಂತ ಹಳೇದು. ಅಂಥದ್ದರಲ್ಲಿ ನನ್ನನ್ನು ತುಂಬಾ ಕಾಡಿದ್ದು ಇಂಗ್ಲೆಂಡಿನ ಸಕ್ಕರೆಯ ಕಥೆ.

1791ರ ಏಪ್ರಿಲ್‌ನಲ್ಲಿ ಗುಲಾಮರ ವ್ಯಾಪಾರ ನಿಲ್ಲಿಸೋ ಮಸೂದೆ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಬಿದ್ದುಹೋಯ್ತು. ಅದೇ ವರ್ಷ ವಿಲಿಯಂ ಫಾಕ್ಸ್ ಎಂಬಾತ ಒಂದು ಕರಪತ್ರ ಬರೆದ. ಅವನು ಮಾತಾಡಿದ್ದು ಮಂತ್ರಿಗಳ ಜೊತೆ ಅಲ್ಲ, ಚಹಾ ಕುಡಿಯೋರ ಜೊತೆ. ವೆಸ್ಟ್ ಇಂಡೀಸಿನ ಸಕ್ಕರೆ ಗುಲಾಮರ ದುಡಿಮೆ. ಕೊಳ್ಳೋರು ಇರೋದ್ರಿಂದ ತಾನೆ ಈ ವ್ಯಾಪಾರ? ಹಾಗಾದ್ರೆ ಕೊಳ್ಳೋನೂ ಪಾಪದಲ್ಲಿ ಪಾಲುದಾರ!

ಆಮೇಲೆ ಬರುತ್ತೆ ನೋಡಿ ಲೆಕ್ಕ. ವಾರಕ್ಕೆ 5 ಪೌಂಡ್ (ಸುಮಾರು ಎರಡೂಕಾಲು ಕಿಲೋ) ಸಕ್ಕರೆ ಬಳಸೋ ಮನೆಯವರು ಅದನ್ನೂ ರಮ್ಮನ್ನೂ 21 ತಿಂಗಳು ಬಿಟ್ರೆ, ಒಬ್ಬ ಮನುಷ್ಯ ಗುಲಾಮನಾಗೋದು ಅಥವಾ ಸಾಯೋದು ತಪ್ಪುತ್ತೆ. 38,000 ಮನೆಗಳು ಬಿಟ್ರೆ ಆ ದ್ವೀಪಗಳಿಗೆ ಗುಲಾಮರ ಸಾಗಣೆಯೇ ನಿಂತುಹೋಗುತ್ತೆ. ದಿನಾ ಕೋಡ್ ಬರೆಯೋ ನಂಗೆ ಈ ಲೆಕ್ಕದ ಕರಾರುವಾಕ್ಕಿನ ಬಗ್ಗೆ ಅನುಮಾನ ಇದೆ, ಅದರ ಶಕ್ತಿಯ ಬಗ್ಗೆ ಇಲ್ಲ. ಸಾವಿರಾರು ಮೈಲಿ ದೂರದ ಕ್ರೌರ್ಯವನ್ನು ಅದು ಅಡುಗೆಮನೆಯ ಡಬ್ಬಿಯೊಳಗೆ ತಂದಿಟ್ಟಿತು. ಓಟಿನ ಹಕ್ಕೇ ಇಲ್ಲದ ಹೆಂಗಸರ ಕೈಗೆ ಒಂದು ಓಟು ಸಿಕ್ಕಂತಾಯ್ತು. ಸಕ್ಕರೆ ಬಿಟ್ಟವರು ಮೂರು ಲಕ್ಷಕ್ಕೆ ಕಡಿಮೆ ಇಲ್ಲ ಅಂತ ಚಳವಳಿಗಾರ ಥಾಮಸ್ ಕ್ಲಾರ್ಕ್‌ಸನ್ ಅಂದಾಜು ಮಾಡಿದ್ದ.

ಗುಲಾಮರ ವ್ಯಾಪಾರ ನಿಷೇಧ ಆಗಿದ್ದು 1807ರಲ್ಲಿ. ಆದ್ರೆ ತೋಟಗಳಲ್ಲಿ ಗುಲಾಮಗಿರಿ ಮುಂದುವರೀತು. 1820ರ ದಶಕದಲ್ಲಿ ಮತ್ತೆ ಸಕ್ಕರೆ ಚಳವಳಿ. ಲೆಸ್ಟರ್‌ನ ಎಲಿಜಬೆತ್ ಹೇರಿಕ್ 1824ರಲ್ಲಿ ‘ನಿಧಾನವಾಗಿ ಅಲ್ಲ, ಈಗಲೇ ಬಿಡುಗಡೆ’ ಅಂತ ಬರೆದಳು. ಈ ಸಲ ಮಾರುಕಟ್ಟೆಗೆ ಚಂದದ ಸಕ್ಕರೆ ಬಟ್ಟಲುಗಳೂ ಬಂದವು. ಅವುಗಳ ಮೇಲಿನ ಬರಹದ ಅರ್ಥ: ಇದು ಈಸ್ಟ್ ಇಂಡಿಯಾ ಸಕ್ಕರೆ, ಗುಲಾಮರು ಮಾಡಿದ್ದಲ್ಲ! ‘ಬಿಡಿ’ ಅನ್ನೋ ಮಾತು ಮೆಲ್ಲಗೆ ‘ಇದನ್ನು ಕೊಳ್ಳಿ’ ಅಂತ ಆಗಿತ್ತು.

ಈಸ್ಟ್ ಇಂಡಿಯಾ ಅಂದ್ರೆ ನಾವೇ ಅಲ್ವಾ? ಬ್ರಿಟಿಷ್ ಸಾಮ್ರಾಜ್ಯದ ಬಹುಭಾಗದಲ್ಲಿ ಗುಲಾಮಗಿರಿ ರದ್ದು ಮಾಡಿದ 1833ರ ಕಾಯ್ದೆ, ಕಂಪನಿ ಆಳ್ವಿಕೆಯ ಭಾರತವನ್ನು ಹೊರಗಿಟ್ಟಿತ್ತು. ಇಲ್ಲಿ ಕಾನೂನು ಬಂದಿದ್ದು 1843ರಲ್ಲಿ. ಅಷ್ಟರೊಳಗೆ, 1834ರಲ್ಲೇ, ಕಲ್ಕತ್ತಾದಿಂದ ‘ಅಟ್ಲಾಸ್’ ಹಡಗು 36 ಕರಾರು ಕೂಲಿಗಳನ್ನು ಮಾರಿಷಸ್ಸಿಗೆ ಇಳಿಸಿತ್ತು. ಎಲ್ಲಿಗೆ ಗೊತ್ತಾ? ಕಬ್ಬಿನ ತೋಟಕ್ಕೆ..

ಹಾಗಂತ ಚಮಚ ಕೆಳಗಿಟ್ಟವರ ತ್ಯಾಗ ಸುಳ್ಳಲ್ಲ. ‘ನಾನೊಬ್ಬ ಕೊಂಡ್ರೆ ಏನಾಗುತ್ತೆ’ ಅನ್ನೋ ಮಾತಿಗೆ ಅವರು ಕೊಟ್ಟ ಉತ್ತರ ಇವತ್ತಿಗೂ ಹಳತಾಗಿಲ್ಲ. ಆದ್ರೆ ಬಟ್ಟಲಿನ ಮೇಲೆ ಬರೆದಿದ್ದನ್ನು ಓದಿ ಸಮಾಧಾನ ಪಟ್ಟುಕೊಂಡವರಿಗೆ, ಅದರಲ್ಲಿ ಬರೆಯದೇ ಬಿಟ್ಟವರು ಕಾಣಲಿಲ್ಲ. ಈಗ ನಾವು ಪ್ಯಾಕೆಟ್ ಮೇಲಿನ ‘ಫೇರ್ ಟ್ರೇಡ್’ ಮುದ್ರೆ ನೋಡಿ ನಿಶ್ಚಿಂತರಾಗ್ತೀವಲ್ಲ, ಆಗಲೂ ಈ ಬಟ್ಟಲು ನೆನಪಾಗಬೇಕು ಅನ್ಸುತ್ತೆ. ನೀವೇನಂತೀರಿ?